ನೇಂದ್ರ ಬಾಳೆಹಣ್ಣಿನ ಡಿಎನ್‌ಎ ನೋಡುವುದು ಹೇಗೆ?

ಪಿಷ್ಟ, ಪ್ರೋಟೀನ್, ಕೊಬ್ಬು, ನ್ಯೂಕ್ಲಿಕ್ ಆಮ್ಲ. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳಿಗೂ ಜೀವಕೋಶದ ಮುಖ್ಯ ಅಣುಗಳ ಈ ಪಟ್ಟಿ ಬಾಯಿಪಾಠ. ಸುಮ್ನೆ ಉರು ಹೊಡೆಯುವ ಬದಲು ಮನೆಯಲ್ಲೇ ಕಣ್ಣಾರೆ ನೋಡಬಹುದು, ನೋಡಲೇಬೇಕು.

ಮೊದಲು ಪಿಷ್ಟ. ನೇಂದ್ರ ಕಾಯಿಯ ಹೋಳಿಗೂ ಚೆನ್ನಾಗಿ ಹಣ್ಣಾದ ಹೋಳಿಗೂ ಎರಡೆರಡು ಹನಿ ಅಯೋಡಿನ್ ದ್ರಾವಣ ಬಿಡಿ. ಕಾಯಿ ಕಡುನೀಲಿಯಾಗುತ್ತದೆ. ಹಣ್ಣಿನಲ್ಲಿ ಬಣ್ಣ ಕಡಿಮೆ. ಪಿಷ್ಟ ಎಂದರೆ ಗ್ಲೂಕೋಸಿನ ಉದ್ದ ಸರಪಳಿ. ಹಣ್ಣಾಗುವಾಗ ಅದು ತುಂಡಾಗಿ ಸಕ್ಕರೆಯಾಗುತ್ತದೆ. ಸಿಹಿ ಬರುವುದು ಅದಕ್ಕೇ.

ತುಂಡು ಮಾಡುವುದು ಯಾರು? ಕಿಣ್ವಗಳು. ಅವು ಪ್ರೋಟೀನ್‌ಗಳು. 20 ಬಗೆಯ ಅಮೈನೋ ಆಮ್ಲಗಳು ಸಾಲಾಗಿ ಸೇರಿ, ತಕ್ಕ ಹಾಗೆ ಮಡಚಿಕೊಂಡರೆ ಪ್ರೋಟೀನ್ ಸಿದ್ಧ. ಮಡಿಕೆ ಬಿಚ್ಚಿದರೆ ಕೆಲಸ ಕೆಟ್ಟಿತು. ಬೇಯಿಸಿದ ಮೊಟ್ಟೆಯ ಬಿಳಿ ಗಟ್ಟಿಯಾಗುವುದೂ ಹೀಗೆ ಬಿಚ್ಚಿದ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡಾಗ.

ಕೊಬ್ಬಿಗೆ ಕೊಬ್ಬರಿ ಇದೆಯಲ್ವಾ? ಕಾಗದಕ್ಕೆ ಉಜ್ಜಿ ಬೆಳಕಿಗೆ ಹಿಡಿಯಿರಿ, ಎಣ್ಣೆ ಕಲೆ ಹೊಳೆಯುತ್ತದೆ. ಕೊಬ್ಬು ಉಳಿದ ಮೂರರಂತೆ ಉದ್ದ ಸರಪಳಿಯಲ್ಲ. ಆದರೆ 1 ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೋಕ್ಯಾಲರಿ ಸಿಕ್ಕರೆ ಕೊಬ್ಬಿನಿಂದ 9 ಸಿಗುತ್ತದೆ.

ಇನ್ನು ನ್ಯೂಕ್ಲಿಕ್ ಆಮ್ಲದ ಬಗೆಯಾದ ಡಿಎನ್‌ಎ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

1. ಮೆಡಿಕಲ್ ಶಾಪಿನಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಬಾಟಲಿ ಮುಚ್ಚಿ ಐಸ್ ನೀರಿನಲ್ಲಿಡಿ. ಬೇಗ ಬೆಂಕಿ ಹತ್ತುವ ವಸ್ತು, ಒಲೆಯ ಹತ್ತಿರ ಬೇಡವೇ ಬೇಡ. ದೊಡ್ಡವರು ಜೊತೆಗಿರಲಿ.

2. ಅರ್ಧ ಹಣ್ಣನ್ನು ನುಣ್ಣಗೆ ಕಿವುಚಿ. ಜೀವಕೋಶಗಳ ಗೋಡೆ ಒಡೆಯಲು ಇದು ಬೇಕು. ಆ ಗೋಡೆಯ ಸೆಲ್ಯುಲೋಸ್ ಕೂಡ ಗ್ಲೂಕೋಸಿನ ಸರಪಳಿಯೇ.

3. ಅರ್ಧ ಕಪ್ ನೀರಿಗೆ ಅರ್ಧ ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ನೊರೆ ಬಾರದಂತೆ ಹಣ್ಣಿಗೆ ಬೆರೆಸಿ, 10 ನಿಮಿಷ ಬಿಡಿ. ಜೀವಕೋಶದ ಪೊರೆ ಕೊಬ್ಬಿನದು. ಜಿಡ್ಡು ತೆಗೆಯುವ ಸೋಪು ಅದನ್ನೂ ಕರಗಿಸುತ್ತದೆ.

4. ತೆಳು ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ.

5. ಸೋಸಿದ ನೀರನ್ನು ಸಣ್ಣ ಗ್ಲಾಸಿಗೆ ಹಾಕಿ. ಗ್ಲಾಸನ್ನು ಓರೆ ಹಿಡಿದು, ಅಷ್ಟೇ ಪ್ರಮಾಣದ ತಣ್ಣನೆಯ ಆಲ್ಕೋಹಾಲನ್ನು ಅಂಚಿನಿಂದ ಮೆಲ್ಲಗೆ ಇಳಿಸಿ. ಅವಸರ ಮಾಡಿದರೆ ಎರಡೂ ಬೆರೆತುಹೋಗುತ್ತವೆ.

ಸ್ವಲ್ಪ ಹೊತ್ತಿನಲ್ಲಿ ನಡುವೆ ಬಿಳಿ ಎಳೆಗಳು ಕಾಣುತ್ತವೆ. ಹಿಡಿಸೂಡಿ ಕಡ್ಡಿಯಿಂದ ಎತ್ತಿ ನೋಡಿ. ಇದು ಅಪ್ಪಟ ಡಿಎನ್‌ಎ ಅಲ್ಲ, ಇನ್ನೊಂದು ನ್ಯೂಕ್ಲಿಕ್ ಆಮ್ಲವಾದ ಆರ್‌ಎನ್‌ಎ ಮತ್ತು ಪ್ರೋಟೀನ್ ಅಂಟಿಕೊಂಡಿರುತ್ತವೆ. ಯಾವ ಪ್ರೋಟೀನ್ ಹೇಗೆ ಕಟ್ಟಬೇಕು ಎಂಬ ಮಾಹಿತಿ ಡಿಎನ್‌ಎಯಲ್ಲಿದೆ. ತಾಯಿ ಗಿಡದಿಂದ ಮರಿಗೆ ದಾಟುವುದೂ ಅದೇ. ಕಾಸರಗೋಡು ಜಿಲ್ಲೆಯ ನಮ್ಮ ನೀಲೇಶ್ವರದಲ್ಲೇ 1930ರ ದಶಕದಲ್ಲಿ ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಪರಾಗ ಸೇರಿಸಿ ಮಿಶ್ರತಳಿ ಬೆಳೆಸಿದ್ದರು. ಅಲ್ಲಿ ಒಂದಾದದ್ದು ಎರಡು ಮರಗಳ ಡಿಎನ್‌ಎ.