ಮೊದಲು ಊಹೆ, ಆಮೇಲೆ ಮೌಸ್

ಇಂಟರ್‌ನೆಟ್ ಬಳಸಿ ಪಾಠ ಮಾಡಿ ಅಂತ ತರಬೇತಿಗಳಲ್ಲಿ ಹೇಳುತ್ತಾರೆ. ಹೇಳುವ ಹಾಲ್‌ನಲ್ಲಿ ವೈಫೈ ಇರುತ್ತದೆ, ಏಸಿ ಇರುತ್ತದೆ. ನಮ್ಮದು ತೀರ್ಥಹಳ್ಳಿ ತಾಲೂಕಿನ ಒಳಗಿನ ಒಂದು ಹೈಸ್ಕೂಲು. ಮಳೆಗಾಲ ಶುರುವಾಯಿತೆಂದರೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರೂ ಮಲಗುತ್ತದೆ. ಮೊಬೈಲಿನಲ್ಲಿ ಎರಡು ಕಡ್ಡಿ ಕಾಣಬೇಕೆಂದರೆ ಧ್ವಜದ ಕಟ್ಟೆ ಹತ್ತಿರ ಹೋಗಿ ನಿಲ್ಲಬೇಕು. ಇಂಥ ಕಡೆ ಹತ್ತನೇ ಕ್ಲಾಸಿನ ವಿಜ್ಞಾನಕ್ಕೂ ಗಣಿತಕ್ಕೂ ನಾನು ವೆಬ್ ಟೂಲ್‌ಗಳನ್ನು ಬಳಸುತ್ತಿದ್ದೇನೆ. ಅಕ್ಕಪಕ್ಕದ ಶಾಲೆಯ ಮೇಷ್ಟ್ರುಗಳು ಹೇಗೆ ಮಾಡ್ತೀರಿ ಅಂತ ಕೇಳುತ್ತಿರುತ್ತಾರೆ. ಅದಕ್ಕೇ ಇದು.

ನಾನು ಜಾಸ್ತಿ ನೆಚ್ಚಿಕೊಂಡಿರುವುದು ಫೆಟ್ ಸಿಮ್ಯುಲೇಶನ್‌ಗಳನ್ನು, ಅಂದರೆ ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗಗಳನ್ನು. ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಕೆಲಸ ಇದು. ಅದರ ಹಿಂದಿನ ವರ್ಷವಷ್ಟೇ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ನೊಬೆಲ್ ಬಂದವರು ಹೈಸ್ಕೂಲ್ ಮಕ್ಕಳಿಗೆ ಬಲ್ಬು, ಬ್ಯಾಟರಿ ಮಾಡಿಕೊಡುತ್ತಾ ಕೂತದ್ದು ನನಗೆ ಬಹಳ ಇಷ್ಟವಾದ ಸಂಗತಿ. ದುಡ್ಡು ಕೊಡಬೇಕಿಲ್ಲ. ಕೆಲವಕ್ಕೆ ಕನ್ನಡ ಅನುವಾದವೂ ಇದೆ. ನಮ್ಮಂಥವರಿಗೆ ಮುಖ್ಯವಾದದ್ದು ಇನ್ನೊಂದು: ಒಂದೊಂದು ಸಿಮ್ಯುಲೇಶನ್ನೂ ಒಂದೇ ಫೈಲಾಗಿ ಇಳಿಯುತ್ತದೆ. ತೀರ್ಥಹಳ್ಳಿ ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರುತ್ತೇನೆ. ಶಾಲೆಯ ಲ್ಯಾಪ್‌ಟಾಪಿನಲ್ಲಿ ಕ್ರೋಮ್‌ಗೆ ಎಳೆದು ಬಿಟ್ಟರೆ ನೆಟ್ ಇಲ್ಲದೆಯೂ ಓಡುತ್ತದೆ.

ಇನ್ನು ಕ್ಲಾಸು. ವಿದ್ಯುತ್ತಿನ ಪಾಠ ಅಂತ ಇಟ್ಟುಕೊಳ್ಳಿ. ಸರ್ಕಿಟ್ ಕಟ್ಟುವ ಸಿಮ್ಯುಲೇಶನ್ ತೆರೆದರೆ ತಂತಿ, ಬ್ಯಾಟರಿ, ಬಲ್ಬು, ಸ್ವಿಚ್ಚು ಎಲ್ಲ ಬದಿಯಲ್ಲಿ ಇರುತ್ತವೆ. ಎಳೆದು ತಂದು ಜೋಡಿಸುವುದಷ್ಟೇ. ಬ್ಯಾಟರಿ 9 ವೋಲ್ಟಿನದು, ಬಲ್ಬಿನ ರೋಧ (ಪ್ರವಾಹಕ್ಕೆ ಒಡ್ಡುವ ತಡೆ) 10 ಓಮ್. ಒಂದು ಬಲ್ಬು ಹಚ್ಚಿದರೆ ಪ್ರವಾಹ ಅಳೆಯುವ ಅಮ್ಮೀಟರು 0.90 ಆಂಪಿಯರ್ ತೋರಿಸುತ್ತದೆ. ಅಲ್ಲಿಗೆ ನಿಲ್ಲಿಸುತ್ತೇನೆ. ಇದರ ಮುಂದೆ ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದಾಗಿ, ಇನ್ನೊಂದು ಬಲ್ಬು ಜೋಡಿಸಿದರೆ ಯಾವುದು ಜಾಸ್ತಿ ಉರಿಯುತ್ತದೆ? ಬ್ಯಾಟರಿಗೆ ಹತ್ತಿರ ಇರುವುದಾ, ದೂರದ್ದಾ, ಎರಡೂ ಸಮನಾ? ಎಲ್ಲರೂ ಊಹೆ ಹೇಳಿ ಮುಗಿಯುವ ತನಕ ಮೌಸ್ ಮುಟ್ಟುವುದಿಲ್ಲ.

ಈ ಒಂದು ನಿಯಮ ಬಿಟ್ಟರೆ ನನ್ನ ಹತ್ತಿರ ದೊಡ್ಡ ವಿದ್ಯೆ ಏನೂ ಇಲ್ಲ. ಊಹೆ ಹೇಳದೆ ನೋಡಿದ ಮಕ್ಕಳು "ಹೂಂ, ಗೊತ್ತಿತ್ತು" ಅನ್ನುತ್ತಾರೆ. ಟಿವಿ ನೋಡಿದ ಹಾಗೆ ನೋಡಿ ಎದ್ದು ಹೋಗುತ್ತಾರೆ. ಊಹೆ ಹೇಳಿ ಅದು ತಪ್ಪಾದಾಗ ಮಾತ್ರ "ಹೆಂಗೆ ಸಾರ್?" ಅನ್ನುವ ಪ್ರಶ್ನೆ ಹುಟ್ಟುತ್ತದೆ. ಬಲ್ಬಿನ ಪ್ರಶ್ನೆಗೆ ಪ್ರತಿ ವರ್ಷವೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹತ್ತಿರದ್ದೇ ಜಾಸ್ತಿ ಉರಿಯುತ್ತದೆ ಅನ್ನುತ್ತಾರೆ. ಕಾರಣವನ್ನೂ ಕೊಡುತ್ತಾರೆ: ಮೊದಲನೇ ಬಲ್ಬು ಕರೆಂಟನ್ನು ತಿಂದು ಹಾಕುತ್ತದೆ, ಉಳಿದದ್ದು ಎರಡನೆಯದಕ್ಕೆ. ಓಮ್‌ನ ನಿಯಮವನ್ನು ಬಾಯಿಪಾಠ ಒಪ್ಪಿಸುವ ಹುಡುಗಿಯೂ ಹೀಗೇ ಹೇಳುತ್ತಾಳೆ. ಜೋಡಿಸಿ ನೋಡಿದರೆ ಎರಡೂ ಬಲ್ಬು ಸಮ, ಅಮ್ಮೀಟರನ್ನು ಎಲ್ಲಿ ಇಟ್ಟರೂ 0.45. ತಂತಿಯೊಳಗೆ ನೀಲಿ ಚುಕ್ಕೆಗಳಾಗಿ ಎಲೆಕ್ಟ್ರಾನುಗಳು ಓಡುವುದು ಕಾಣುತ್ತದೆ. ಬಲ್ಬಿನ ಮುಂಚೆ ಎಷ್ಟೋ ಆಮೇಲೂ ಅಷ್ಟೇ. ಆ ಚುಕ್ಕೆಗಳ ಓಟ ತೋರಿಕೆಗೆ ಮಾತ್ರ, ನಿಜವಾದ ತಂತಿಯಲ್ಲಿ ಅವು ಸೆಕೆಂಡಿಗೆ ಒಂದು ಮಿಲಿಮೀಟರ್ ಆಸುಪಾಸಿನಲ್ಲೋ ಅದಕ್ಕಿಂತ ನಿಧಾನವಾಗಿಯೋ ಸರಿಯುತ್ತವೆ ಅಂತ ಅಲ್ಲೇ ಹೇಳಿಬಿಡುವುದು ಒಳ್ಳೆಯದು.

ಊಹೆ ತೆಗೆದುಕೊಳ್ಳುವುದಕ್ಕೂ ಒಂದು ದಾರಿ ಬೇಕಲ್ವಾ? ಕೈ ಎತ್ತಿ ಅಂದರೆ ಎಲ್ಲರೂ ಮೊದಲನೇ ಬೆಂಚಿನ ಕಡೆ ನೋಡಿ ಎತ್ತುತ್ತಾರೆ. ಅದಕ್ಕೆ ಪ್ಲಿಕರ್ಸ್ ಕಾರ್ಡು. ಮಕ್ಕಳ ಹತ್ತಿರ ಮೊಬೈಲ್ ಬೇಡ. ಪ್ರತಿ ಮಗುವಿಗೂ ಚೌಕದ ಒಂದು ಕಾರ್ಡು, ಅದರಲ್ಲಿ ಕಪ್ಪು-ಬಿಳಿ ಗುರುತು, ನಾಲ್ಕು ಬದಿಗೆ ಸಣ್ಣದಾಗಿ ಎ, ಬಿ, ಸಿ, ಡಿ. ತನ್ನ ಉತ್ತರದ ಬದಿ ಮೇಲೆ ಬರುವಂತೆ ಹಿಡಿದರೆ ನಾನು ನನ್ನ ಮೊಬೈಲಿನ ಕ್ಯಾಮರಾವನ್ನು ಕ್ಲಾಸಿನ ಮೇಲೆ ಒಮ್ಮೆ ಆಡಿಸುತ್ತೇನೆ. ಯಾರು ಏನು ಹೇಳಿದರು ಅಂತ ನನಗೆ ಬರುತ್ತದೆ, ಪಕ್ಕದವರಿಗೆ ಗೊತ್ತಾಗುವುದಿಲ್ಲ. ಕಾರ್ಡುಗಳನ್ನು ಅವರ ತಾಣದಿಂದಲೇ ಇಳಿಸಿಕೊಂಡು ಜೆರಾಕ್ಸ್ ಮಾಡಿಸಬಹುದು. ಮಲೆನಾಡಿನಲ್ಲಿ ಇದಕ್ಕೆ ಎರಡು ತೊಂದರೆ. ಜುಲೈ ಬಂತೆಂದರೆ ಕಾಗದ ತಂಡಿಗೆ ಮೆತ್ತಗಾಗಿ ಬಾಗುತ್ತದೆ. ಲ್ಯಾಮಿನೇಶನ್ ಮಾಡಿಸೋಣ ಅಂದರೆ ಹೊಳಪಿಗೆ ಬೆಳಕು ಪ್ರತಿಫಲಿಸಿ ಕ್ಯಾಮರಾ ಓದುವುದಿಲ್ಲ. ನಾವು ಹಳೇ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿಕೊಂಡೆವು. ಎರಡನೆಯದು, ಮೋಡ ಕಟ್ಟಿದ ದಿನ ಕ್ಲಾಸ್‌ರೂಮು ಕತ್ತಲು. ಆಗ ಗೋಡೆ ಬದಿಯ ಸಾಲನ್ನು ಕಿಟಕಿ ಹತ್ತಿರ ಕರೆದು ಓದಿಸಿಕೊಳ್ಳಬೇಕು.

ನೆಟ್ ಪೂರ್ತಿ ಕೈಕೊಟ್ಟ ದಿನ ಇನ್ನೂ ಸುಲಭ. ಕಣ್ಣು ಮುಚ್ಚಿ, ಎದೆಯ ಹತ್ತಿರ ಒಂದು, ಎರಡು, ಮೂರು ಬೆರಳು. ಎಣಿಸಿ ಬೋರ್ಡಿನಲ್ಲಿ ಬರೆಯುತ್ತೇನೆ. ತಗಡಿನ ಮಾಡಿನ ಮೇಲೆ ಮಳೆ ಬಡಿಯುವಾಗ ನನ್ನ ಗಂಟಲು ಎರಡನೇ ಬೆಂಚನ್ನೂ ಮುಟ್ಟುವುದಿಲ್ಲ. ಅಂಥ ದಿನ ಸದ್ದಿಲ್ಲದ ಈ ವೋಟಿಂಗೇ ನನ್ನ ಪಾಠ.

ವೋಟು ಒಡೆದು ಹೋದರೆ ಉತ್ತರ ಹೇಳುವುದಿಲ್ಲ. ಪಕ್ಕದವರಿಗೆ ನಿಮ್ಮ ಕಾರಣ ಹೇಳಿ ಒಪ್ಪಿಸಿ ಅಂತ ಎರಡು ಮೂರು ನಿಮಿಷ ಬಿಟ್ಟು ಇನ್ನೊಮ್ಮೆ ವೋಟು. ಇದು ನನ್ನ ತಲೆಯದ್ದಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಝೂರ್ ಕಾಲೇಜು ಹುಡುಗರಿಗೆ ಮಾಡಿದ ವಿಧಾನ. ನಮ್ಮಲ್ಲಿ ಗಲಾಟೆ ಸ್ವಲ್ಪ ಜಾಸ್ತಿ, ಪಕ್ಕದ ಕ್ಲಾಸಿನ ಮೇಡಂ ಬಾಗಿಲಿಗೆ ಬಂದು ನೋಡಿ ಹೋಗುತ್ತಾರೆ.

ಈ ಎಲ್ಲದರಿಂದ ಬಂದ ಒಳ್ಳೆಯ ಪ್ರಶ್ನೆ ಒಂದನ್ನು ಹೇಳಬೇಕು. ಸಮಾಂತರ ಜೋಡಣೆ, ಅಂದರೆ ಒಂದೊಂದು ಬಲ್ಬಿಗೂ ಬ್ಯಾಟರಿಯಿಂದ ಬೇರೆ ಬೇರೆ ದಾರಿ, ಮಾಡುತ್ತಿದ್ದೆವು. ಸಿಮ್ಯುಲೇಶನ್ನಿನಲ್ಲಿ ಎರಡನೇ ಬಲ್ಬು ಹಚ್ಚಿದರೂ ಮೊದಲನೆಯದಕ್ಕೆ ಏನೂ ಆಗಲಿಲ್ಲ. ಅದಕ್ಕೆ 0.90, ಇದಕ್ಕೂ 0.90, ಬ್ಯಾಟರಿಯಿಂದ 1.80. ಮನೆಯ ವೈರಿಂಗೂ ಹೀಗೇ ಅಂದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದ. "ಸಾರ್, ನಮ್ಮನೇಲಿ ಅಡಿಕೆ ಸುಲಿಯೋ ಮೆಷಿನ್ ಹಾಕಿದ್ರೆ ಲೈಟ್ ಡಿಮ್ ಆಗ್ತದಲ್ಲ? ಎಂತಕ್ಕೆ?" ಕ್ಲಾಸಿನಲ್ಲಿ ಅರ್ಧ ಜನ ತಲೆ ಆಡಿಸಿದರು. ಅವರ ಮನೆಯಲ್ಲೂ ಹಾಗೇ.

ಪುಸ್ತಕದ ಸರ್ಕಿಟ್ಟಿನಲ್ಲಿ ತಂತಿಗೆ ರೋಧ ಇಲ್ಲ. ಮಲೆನಾಡಿನ ಒಂಟಿಮನೆಗೆ ಟ್ರಾನ್ಸ್‌ಫಾರ್ಮರಿನಿಂದ ತೋಟ, ಗದ್ದೆ ದಾಟಿ ಲೈನ್ ಬರಬೇಕು. ಅದೇ ಸಿಮ್ಯುಲೇಶನ್ನಿನಲ್ಲಿ ತಂತಿಯ ರೋಧ ಹೆಚ್ಚಿಸುವ ಒಂದು ಸ್ಲೈಡರ್ ಇದೆ, ಸಾಮಾನ್ಯವಾಗಿ ಯಾರೂ ತೆರೆಯುವುದಿಲ್ಲ. ಅವನನ್ನೇ ಕರೆದು ಮೌಸ್ ಕೊಟ್ಟೆ. ಸ್ಲೈಡರ್ ಎಳೆದ, ಬಲ್ಬು ಸ್ವಲ್ಪ ಮಂಕಾಯಿತು. ಮೆಷಿನ್ನಿನ ಬದಲಿಗೆ 2 ಓಮ್‌ನ ಒಂದು ರೋಧಕ ಸಮಾಂತರವಾಗಿ ಹಾಕಿದ, ಬಲ್ಬು ಪೂರ್ತಿ ಸಪ್ಪೆ. ಆಮೇಲೆ ಬೋರ್ಡಿನಲ್ಲಿ ಲೆಕ್ಕ. ತಂತಿಯ ರೋಧ 2 ಓಮ್ ಅಂತ ಇಟ್ಟುಕೊಂಡೆವು. ಬಲ್ಬು ಒಂದೇ ಇದ್ದಾಗ ಒಟ್ಟು 12 ಓಮ್, ಪ್ರವಾಹ 0.75 ಆಂಪಿಯರ್, ಬಲ್ಬಿಗೆ ಸಿಗುವುದು 7.5 ವೋಲ್ಟ್. 'ಮೆಷಿನ್' ಸೇರಿದಾಗ ಬಲ್ಬೂ ಮೆಷಿನ್ನೂ ಸೇರಿ ಸುಮಾರು 1.67 ಓಮ್, ತಂತಿಯದ್ದು ಸೇರಿಸಿ 3.67. ಪ್ರವಾಹ ಹತ್ತಿರ ಹತ್ತಿರ 2.45 ಆಂಪಿಯರಿಗೆ ಏರುತ್ತದೆ. ಬ್ಯಾಟರಿಯ 9 ವೋಲ್ಟಿನಲ್ಲಿ ತಂತಿಯೇ 4.9 ವೋಲ್ಟ್ ಇಟ್ಟುಕೊಳ್ಳುತ್ತದೆ, ಬಲ್ಬಿಗೆ ಉಳಿಯುವುದು 4.1. ಮೋಟಾರು ಶುರುವಾಗುವ ಕ್ಷಣಕ್ಕೆ ಕರೆಂಟ್ ಎಳೆಯುವುದು ಇನ್ನೂ ಜಾಸ್ತಿ, ಹಾಗಾಗಿ ಆ ಕ್ಷಣಕ್ಕೆ ಲೈಟು ಇನ್ನೂ ಕುಗ್ಗುತ್ತದೆ. ಸಮಾಂತರ ಜೋಡಣೆಯ ಲೆಕ್ಕವನ್ನು ಆ ದಿನ ಮಕ್ಕಳು ಮಾಡಿದಷ್ಟು ಆಸೆಯಿಂದ ಮತ್ತೆ ಯಾವತ್ತೂ ಮಾಡಿಲ್ಲ.

ಕಾಂತೀಯ ಪರಿಣಾಮದ ಪಾಠಕ್ಕೆ ಬಂದಾಗ ಜನರೇಟರ್ ಸಿಮ್ಯುಲೇಶನ್ ತೋರಿಸಿದೆ. ಅದರಲ್ಲಿ ಒಂದು ನಲ್ಲಿ, ನೀರು ಬಿದ್ದು ತಿರುಗುವ ಚಕ್ರ, ಚಕ್ರದ ಮೇಲೆ ಕಾಂತ, ಎದುರಿಗೆ ತಂತಿಯ ಸುರುಳಿ ಮತ್ತು ಬಲ್ಬು. ನಲ್ಲಿ ಜಾಸ್ತಿ ಬಿಟ್ಟರೆ ಚಕ್ರ ಜೋರು, ಬಲ್ಬು ಜೋರು. ಶರಾವತಿಯ ಲಿಂಗನಮಕ್ಕಿ ಡ್ಯಾಮಿನ ನೀರು ತುಂಬಿದ ಮಟ್ಟ 1819 ಅಡಿ ಮುಟ್ಟುತ್ತಾ ಇಲ್ವಾ ಅಂತ ಆಗಸ್ಟಿನಲ್ಲಿ ದಿನಾ ಪೇಪರ್ ನೋಡುವ ಊರು ನಮ್ಮದು. ಇದಕ್ಕೆ ವಿವರಣೆಯೇ ಬೇಕಾಗಲಿಲ್ಲ. ಒಂದು ಮಾತನ್ನು ಮಾತ್ರ ಸೇರಿಸಿದೆ: ಪುಸ್ತಕದ ಚಿತ್ರಗಳಲ್ಲಿ ಸಾಮಾನ್ಯವಾಗಿ ಸುರುಳಿ ತಿರುಗುತ್ತದೆ, ಕಾಂತ ನಿಂತಿರುತ್ತದೆ. ಶರಾವತಿ ವಿದ್ಯುದಾಗಾರದಂಥ ಕಡೆ ಈ ಸಿಮ್ಯುಲೇಶನ್ನಿನ ಹಾಗೆ ಕಾಂತವೇ ತಿರುಗುತ್ತದೆ, ಅದೂ ವಿದ್ಯುತ್ಕಾಂತ. ಅಲ್ಲಿ 103.5 ಮೆಗಾವ್ಯಾಟಿನ 10 ಘಟಕಗಳಿವೆ, ಒಟ್ಟು 1035 ಮೆಗಾವ್ಯಾಟ್.

ಅಡಿಕೆ ಮೆಷಿನ್ನಿನ ಹುಡುಗ ಬಿಡಬೇಕಲ್ಲ. "ಅಲ್ಲಿಂದ ಬೆಂಗ್ಳೂರಿಗೆ ತಂತಿ ಅಷ್ಟುದ್ದ ಇದ್ರೆ ಅಲ್ಲಿ ಲೈಟೇ ಹತ್ತಬಾರದಿತ್ತು ಸಾರ್." ಅದಕ್ಕೇ 220 ಕಿಲೋವೋಲ್ಟ್ ಲೈನುಗಳು. ಅದೇ ಸಾಮರ್ಥ್ಯವನ್ನು ವೋಲ್ಟೇಜ್ ಹೆಚ್ಚಿಸಿ ಕಳಿಸಿದರೆ ಪ್ರವಾಹ ಕಡಿಮೆ ಸಾಕು. ಪ್ರವಾಹ ಹತ್ತನೇ ಒಂದು ಭಾಗವಾದರೆ ತಂತಿಯ ನಷ್ಟ ನೂರನೇ ಒಂದು ಭಾಗ. ಇದಕ್ಕೆ ಸಿಮ್ಯುಲೇಶನ್ ಹುಡುಕಲಿಲ್ಲ, ಚಾಕ್‌ಪೀಸೇ ಸಾಕಾಯಿತು.

ಗಣಿತಕ್ಕೆ ಜಿಯೋಜೀಬ್ರಾ, ಪರದೆಯ ಮೇಲೆ ಆಕೃತಿ ಬರೆದು ಎಳೆದಾಡಿಸುವ ಟೂಲು. ವೃತ್ತದ ಸ್ಪರ್ಶಕ, ಸಮರೂಪ ತ್ರಿಭುಜ ಇಂಥವಕ್ಕೆ ಚೆನ್ನಾಗಿದೆ. ಬಿಂದುವನ್ನು ಹಿಡಿದು ಎಳೆದರೆ ಅಳತೆ ಬದಲಾಗುತ್ತದೆ, ಪ್ರಮೇಯ ಬದಲಾಗುವುದಿಲ್ಲ, ಇಷ್ಟು ಕಂಡರೆ ಸಾಕು. ಪ್ರಮೇಯದ ಸಾಧನೆಯನ್ನು (ಪ್ರೂಫ್) ಮಾತ್ರ ಕೈಯಲ್ಲೇ ಬರೆಸುತ್ತೇನೆ. ನಮ್ಮ ಸಮಾಜ ವಿಜ್ಞಾನದ ಮೇಡಂ ಗೂಗಲ್ ಅರ್ಥ್‌ನಲ್ಲಿ ಕೂಡ್ಲಿಯ ತುಂಗಾ-ಭದ್ರಾ ಸಂಗಮ, ಶರಾವತಿ ಹಿನ್ನೀರು ತೋರಿಸುತ್ತಾರೆ. ಅಜ್ಜನ ಕಾಲದಲ್ಲಿ ಮುಳುಗಡೆಯಾಗಿ ಬಂದ ಮನೆಯ ಮಕ್ಕಳು ಕ್ಲಾಸಿನಲ್ಲಿದ್ದರೆ ಆ ಪಾಠದ ದಾರಿಯೇ ಬೇರೆಯಾಗುತ್ತದೆ, ಅದನ್ನು ಅವರೇ ಬರೆಯಬೇಕು.

ಕಹೂಟ್ ಅನ್ನುವ ಆನ್‌ಲೈನ್ ಕ್ವಿಜ್ ಆಟ ನನಗೆ ಹಿಡಿಸಲಿಲ್ಲ. ಬೇಗ ಒತ್ತಿದವರಿಗೆ ಜಾಸ್ತಿ ಅಂಕ. ಮ್ಯೂಸಿಕ್ಕು, ಕೂಗಾಟ, ಮಕ್ಕಳಿಗೆ ಭಾರಿ ಖುಷಿ ಏನೋ ಹೌದು. ಆದರೆ ಯೋಚನೆ ಮಾಡಿ ಉತ್ತರ ಹೇಳುವವನು ಪಟ್ಟಿಯಲ್ಲಿ ಕೆಳಗೆ ಹೋಗುತ್ತಾನೆ. ನಾನು ಕೇಳುವ ಪ್ರಶ್ನೆಗಳಿಗೆ ಯೋಚಿಸುವ ಹೊತ್ತೇ ಮುಖ್ಯ.

ಸಲಕರಣೆ ವಿಷಯ. ಪ್ರೊಜೆಕ್ಟರ್ ಇದೆ, ಆದರೆ ನಾನು ಬಳಸುವುದು ಹಳೇ ವಿದ್ಯಾರ್ಥಿಗಳು ಕೊಡಿಸಿದ 32 ಇಂಚಿನ ಎಲ್‌ಇಡಿ ಟಿವಿಯನ್ನು. ಬಲ್ಬಿನ ಪ್ರೊಜೆಕ್ಟರಿಗೆ 200-300 ವ್ಯಾಟ್ ಬೇಕು, ಈ ಟಿವಿಗೆ 50ರ ಆಸುಪಾಸು ಸಾಕು. ಆಫೀಸಿನ ಇನ್ವರ್ಟರಿನಿಂದ ಒಂದು ವೈರು ಎಳೆಸಿಕೊಂಡರೆ ಕರೆಂಟ್ ಹೋದರೂ ಪೀರಿಯಡ್ ನಿಲ್ಲುವುದಿಲ್ಲ. ಪರದೆ ಸಣ್ಣದು, ಹಿಂದಿನವರಿಗೆ ಅಮ್ಮೀಟರಿನ ಅಂಕಿ ಕಾಣುವುದಿಲ್ಲ. ಒಬ್ಬರನ್ನು ಮುಂದೆ ನಿಲ್ಲಿಸಿ ಜೋರಾಗಿ ಓದಿಸುತ್ತೇನೆ, ಉಳಿದವರು ಬರೆದುಕೊಳ್ಳುತ್ತಾರೆ. ಒಂದು ಪೀರಿಯಡ್ಡಿನಲ್ಲಿ ಟಿವಿ ಹತ್ತು-ಹದಿನೈದು ನಿಮಿಷಕ್ಕಿಂತ ಜಾಸ್ತಿ ಇರುವುದಿಲ್ಲ. ನಿಜವಾದ ಬ್ಯಾಟರಿ ಸೆಲ್ಲು, ಟಾರ್ಚಿನ ಬಲ್ಬು ಕೂಡ ಮೇಜಿನ ಮೇಲೆ ಇರಲೇಬೇಕು. ಸಿಮ್ಯುಲೇಶನ್ನಿನಲ್ಲಿ ಶಾರ್ಟ್ ಮಾಡಿದರೆ ಬ್ಯಾಟರಿಗೆ ಬೆಂಕಿ ಬರುತ್ತದೆ, ಮಕ್ಕಳಿಗೆ ಅದೇ ಬಹಳ ಇಷ್ಟ. ಮನೆಯ ಪ್ಲಗ್ಗಿನಲ್ಲಿ ಇದನ್ನು ಯಾರೂ ನೋಡಲು ಹೋಗಬೇಡಿ ಅಂತ ಪ್ರತಿ ಸಲವೂ ಹೇಳುತ್ತೇನೆ.

ಪರೀಕ್ಷೆಗೆ ಇದರಿಂದ ಏನು ಲಾಭ ಅಂತ ಪೋಷಕರ ಸಭೆಯಲ್ಲಿ ಕೇಳುತ್ತಾರೆ. ಮಕ್ಕಳು ತಮ್ಮ ಊಹೆ ತಪ್ಪಿದ ಪ್ರಶ್ನೆಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬರೆದಿಡುತ್ತಾರೆ. ಪಕ್ಕದಲ್ಲಿ ಯಾಕೆ ಹಾಗೆ ಅನ್ನಿಸಿತ್ತು ಅಂತ ಒಂದು ಸಾಲು. ಜನವರಿಯಿಂದ ಎಸ್‌ಎಸ್‌ಎಲ್‌ಸಿ ರಿವಿಜನ್ ಶುರುವಾದಾಗ ನಾವು ತೆರೆಯುವುದು ಆ ಪುಟಗಳನ್ನೇ. ಪೋಷಕರಿಗೂ ಅದನ್ನೇ ತೆಗೆದು ತೋರಿಸುತ್ತೇನೆ.