ಅಂಗಳದಲ್ಲೇ ಅಳೆಯಿರಿ, ನಿಮ್ಮ ನರದ ವೇಗ

ಇದಕ್ಕೆ ಬೇಕಾಗುವುದು ಸುಮಾರು ಇಪ್ಪತ್ತು ಮಂದಿ, ಸ್ಟಾಪ್‌ವಾಚ್ ಇರುವ ಒಂದು ಮೊಬೈಲು, ಟೈಲರ್ ಬಳಸುವಂಥ ಒಂದು ಅಳತೆ ಟೇಪು ಮತ್ತು ಎಲ್ಲರೂ ಸುತ್ತಾಗಿ ಕುಳಿತುಕೊಳ್ಳುವಷ್ಟು ಅಂಗಳ. ಮೇ ರಜೆಯಲ್ಲಿ ನೆಂಟರಿಷ್ಟರು ಸೇರುವ ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಇವೆಲ್ಲ ತಾವಾಗಿಯೇ ಕೂಡಿಬರುತ್ತವೆ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದರೆ ಮಾತ್ರ ಅದನ್ನು ಒಳಗೆ ತೆಗೆಯುವವರೆಗೆ ಕಾಯಬೇಕು. ನರದಲ್ಲಿ ಸಂಕೇತ ಓಡುವ ವೇಗವನ್ನು ಎಂದಿಗೂ ಅಳೆಯಲಾಗದೆಂದು ಜರ್ಮನಿಯ ಶರೀರವಿಜ್ಞಾನಿ ಯೊಹಾನೆಸ್ ಮ್ಯುಲರ್ ಭಾವಿಸಿದ್ದರು. ಅವರ ಶಿಷ್ಯ ಹೆಲ್ಮ್‌ಹೋಲ್ಟ್ಸ್ 1850ರ ಹೊತ್ತಿಗೆ ಕಪ್ಪೆಯ ನರದಲ್ಲಿ ಅದನ್ನು ಅಳೆದು, ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ತೋರಿಸಿದರು. ಅವರು ನರದ ದೂರದ ತುದಿಯಿಂದೊಮ್ಮೆ, ಹತ್ತಿರದ ತುದಿಯಿಂದೊಮ್ಮೆ ಸ್ನಾಯುವನ್ನು ಕುಣಿಸಿ, ಎರಡು ಸಮಯಗಳ ವ್ಯತ್ಯಾಸವನ್ನು ಹಿಡಿದಿದ್ದರು. ಅದೇ ಉಪಾಯವನ್ನು ಕಪ್ಪೆಯಿಲ್ಲದೆ ಮಾಡುವ ಕ್ರಮ ಇಲ್ಲಿದೆ.

ಅಳೆಯುವ ಕ್ರಮ

ಎಲ್ಲರೂ ಸುತ್ತಾಗಿ ಕುಳಿತು, ಪ್ರತಿಯೊಬ್ಬರೂ ತಮ್ಮ ಎಡಬದಿಯವರ ಕಾಲಿನ ಹರಡನ್ನು, ಅಂದರೆ ಪಾದದ ಗಂಟನ್ನು, ಎಡಗೈಯಿಂದ ಹಿಡಿದುಕೊಂಡು ಕಣ್ಣು ಮುಚ್ಚಬೇಕು. ಮೊಬೈಲು ಹಿಡಿದವರೂ ಸುತ್ತಿನೊಳಗೇ ಇರಬೇಕು. ಅವರು ಬಲಗೈಯಿಂದ ಸ್ಟಾಪ್‌ವಾಚ್ ಒತ್ತುವಾಗಲೇ ಎಡಗೈಯಿಂದ ಪಕ್ಕದವರ ಹರಡನ್ನು ಅದುಮುತ್ತಾರೆ. ಅದುಮಿದ್ದು ಗೊತ್ತಾದ ಕೂಡಲೇ ಆ ಪಕ್ಕದವರು ತಮ್ಮ ಮುಂದಿನವರ ಹರಡನ್ನು ಅದುಮುತ್ತಾರೆ. ಹೀಗೆ ಸುತ್ತು ತಿರುಗಿ ತಮ್ಮ ಕಾಲಿಗೇ ಬಂದಾಗ ಮೊಬೈಲು ಹಿಡಿದವರು ಗಡಿಯಾರ ನಿಲ್ಲಿಸುತ್ತಾರೆ. ಮೊದಲ ಮೂರು ನಾಲ್ಕು ಸುತ್ತುಗಳು ನಗೆಯಲ್ಲೇ ಕಳೆಯುವುದರಿಂದ ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಅನಂತರ ಐದು ಸುತ್ತು ಹರಡು ಹಿಡಿದು, ಐದು ಸುತ್ತು ಹೆಗಲು ಹಿಡಿದು, ಒಂದಾದ ಮೇಲೊಂದರಂತೆ ಬದಲಿಸುತ್ತ ಆಡಿ, ಎರಡರ ಸರಾಸರಿಯನ್ನೂ ಬೇರೆಬೇರೆಯಾಗಿ ಬರೆದಿಡಬೇಕು. ಮೊದಲು ಹರಡಿನ ಸುತ್ತುಗಳನ್ನೆಲ್ಲ ಮುಗಿಸಿ ಆಮೇಲೆ ಹೆಗಲಿಗೆ ಬಂದರೆ, ಅಷ್ಟರಲ್ಲಿ ಆದ ಅಭ್ಯಾಸವೇ ಹೆಗಲಿನ ಸಮಯವನ್ನು ತಗ್ಗಿಸಿ ಲೆಕ್ಕವನ್ನು ಕೆಡಿಸುತ್ತದೆ.

ಇನ್ನು ಟೇಪಿನ ಕೆಲಸ. ಪ್ರತಿಯೊಬ್ಬರ ಹರಡಿನಿಂದ ಕುತ್ತಿಗೆಯ ಹಿಂಭಾಗದವರೆಗಿನ ಉದ್ದದಿಂದ, ಹೆಗಲಿನಿಂದ ಅದೇ ಜಾಗದವರೆಗಿನ ಉದ್ದವನ್ನು ಕಳೆಯಿರಿ. ದೊಡ್ಡವರಲ್ಲಿ ಇದು ಒಂದು ಮೀಟರಿಗಿಂತ ತುಸು ಹೆಚ್ಚು, ಮಕ್ಕಳಲ್ಲಿ ಕಡಿಮೆ. ಎಲ್ಲರದ್ದನ್ನೂ ಕೂಡಿಸಿದಾಗ 20 ಮೀಟರ್ ಬಂತೆಂದೂ, ಹರಡಿನ ಸುತ್ತಿಗೆ 6.2 ಸೆಕೆಂಡು, ಹೆಗಲಿನ ಸುತ್ತಿಗೆ 5.8 ಸೆಕೆಂಡು ಹಿಡಿಯಿತೆಂದೂ ಇಟ್ಟುಕೊಳ್ಳಿ. ಹೆಚ್ಚಿನ 20 ಮೀಟರ್ ದಾರಿಗೆ ತಗಲಿದ್ದು 0.4 ಸೆಕೆಂಡು, ಅಂದರೆ ವೇಗ ಸೆಕೆಂಡಿಗೆ 50 ಮೀಟರ್, ಗಂಟೆಗೆ 180 ಕಿಲೋಮೀಟರ್. ಸ್ಪರ್ಶವನ್ನು ಒಯ್ಯುವ ನರತಂತುಗಳ ವೇಗ ಸುಮಾರು 35ರಿಂದ 75 ಮೀಟರ್ ಇರುವುದರಿಂದ, ಆ ಸುತ್ತಮುತ್ತ ಯಾವ ಉತ್ತರ ಬಂದರೂ ನಿಮ್ಮ ಅಂಗಳ ಪಾಸಾಯಿತೆಂದೇ ಲೆಕ್ಕ.

ನೇರವಾಗಿ ಒಂದೇ ಸುತ್ತಿನಿಂದ ವೇಗ ಕಂಡುಹಿಡಿಯಲು ಹೋದರೆ ಉತ್ತರ ತೀರ ತಪ್ಪಾಗುತ್ತದೆ. ಒಬ್ಬೊಬ್ಬರಿಗೆ ತಗಲುವ ಸುಮಾರು 0.3 ಸೆಕೆಂಡಿನಲ್ಲಿ ಹರಡಿನಿಂದ ಮಿದುಳಿಗೂ ಮಿದುಳಿನಿಂದ ಕೈಗೂ ಓಡುವ ದಾರಿಯ ಪಾಲು ಹೆಚ್ಚೆಂದರೆ 0.05 ಸೆಕೆಂಡು. ಉಳಿದದ್ದೆಲ್ಲ ಮಿದುಳಿನೊಳಗೆ ಕೋಶದಿಂದ ಕೋಶಕ್ಕೆ ಸುದ್ದಿ ದಾಟುವುದರಲ್ಲಿ, ಸ್ನಾಯು ಬಿಗಿಯುವುದರಲ್ಲಿ ಕಳೆಯುತ್ತದೆ. ಆ ಭಾಗ ಎರಡೂ ಆಟಗಳಲ್ಲಿ ಸಮನಾಗಿರುವುದರಿಂದ ಕಳೆದಾಗ ಮಾಯವಾಗುತ್ತದೆ.

ತಂತಿಯಲ್ಲ, ಉಪ್ಪುನೀರಿನ ಕಟ್ಟ

ಮನೆಯ ತಂತಿಯಲ್ಲಿ ವಿದ್ಯುತ್ ಸಂಕೇತ ಸೆಕೆಂಡಿಗೆ ಲಕ್ಷ ಕಿಲೋಮೀಟರಿಗೂ ಹೆಚ್ಚು ದೂರ ಸಾಗುವಾಗ ನರದ ಸಂಕೇತ ಬರೀ 50 ಮೀಟರಿಗೆ ನಿಲ್ಲುವುದೇಕೆ? ನರವನ್ನು ತಂತಿಗೆ ಹೋಲಿಸುವ ರೂಢಿಯೇ ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ನರಕೋಶಕ್ಕೆ ಹತ್ತಿರದ ಹೋಲಿಕೆ ನಮ್ಮ ಅಳಿವೆಗಳ ಪಕ್ಕದಲ್ಲೇ ಇದೆ: ಸಮುದ್ರದ ಉಬ್ಬರದ ನೀರು ಗದ್ದೆಗೆ ನುಗ್ಗದಂತೆ ಹಲಗೆ ಇಳಿಸಿ ತಡೆಯುವ ಕಿಂಡಿ ಅಣೆಕಟ್ಟು. ಕೋಶದ ಪೊರೆಯೇ ಆ ಕಟ್ಟ. ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. (ಗದ್ದೆಯ ನೀರು ಸಿಹಿ, ಕೋಶದೊಳಗಿನ ನೀರು ಸಿಹಿಯಲ್ಲ, ಬೇರೊಂದು ಉಪ್ಪಿನದು ಎಂಬಷ್ಟು ವ್ಯತ್ಯಾಸವಿದೆ.) ಪೊರೆಯಲ್ಲಿರುವ ಒಂದು ಪ್ರೋಟೀನು ಪಂಪಿನಂತೆ ಪ್ರತಿ ಸಲ ಮೂರು ಸೋಡಿಯಂ ಅಯಾನುಗಳನ್ನು (ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳನ್ನು) ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ಎಳೆದುಕೊಳ್ಳುತ್ತಲೇ ಇರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೋ 1957ರಲ್ಲಿ ಇದನ್ನು ಗುರುತಿಸಿದ್ದು ಏಡಿಯ ಕಾಲಿನ ನರಗಳಲ್ಲಿ. ಅದಕ್ಕೆ ನೊಬೆಲ್ ಬಂದದ್ದು ನಲವತ್ತು ವರ್ಷಗಳ ಬಳಿಕ, 1997ರಲ್ಲಿ.

ಒಳಗಿನ ಪೊಟ್ಯಾಸಿಯಂ ಸಣ್ಣ ಕಿಂಡಿಗಳಿಂದ ಸದಾ ತುಸು ತುಸು ಹೊರಕ್ಕೆ ಜಿನುಗುವುದರಿಂದ ಪೊರೆಯ ಒಳಮೈ ಹೊರಮೈಗಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣವಾಗಿ ಉಳಿಯುತ್ತದೆ. ಟಾರ್ಚಿನ ಒಂದು ಸೆಲ್ಲಿನ ಇಪ್ಪತ್ತರಲ್ಲೊಂದು ಪಾಲೂ ಅಲ್ಲದ ಈ ವೋಲ್ಟೇಜು ಅಲ್ಪವೆಂದು ತೋರಬಹುದು. ಆದರೆ ಪೊರೆಯ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ದಪ್ಪಕ್ಕೆ ಹೋಲಿಸಿ ನೋಡಿದರೆ ಅದು ಮೀಟರಿಗೆ ಹತ್ತಿರ ಹತ್ತಿರ ಒಂದು ಕೋಟಿ ವೋಲ್ಟ್ ಆಗುತ್ತದೆ. ಒಣಗಾಳಿಯನ್ನು ಸೀಳಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು.

ಸಂಕೇತ ಹುಟ್ಟುವುದು ಹೀಗೆ. ಹರಡನ್ನು ಅದುಮಿದಾಗ ಅಲ್ಲಿನ ನರತುದಿಯ ಪೊರೆ ಎಳೆದಂತಾಗಿ ಒಂದಿಷ್ಟು ಧನ ಅಯಾನುಗಳು ಒಳಬರುತ್ತವೆ. ಒಳಗಿನ ವೋಲ್ಟೇಜು ಋಣ 70ರಿಂದ ಏರಿ ಸುಮಾರು ಋಣ 55 ಮಿಲಿವೋಲ್ಟ್ ತಲುಪುವವರೆಗೆ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಆ ಗೆರೆ ದಾಟಿತೋ, ವೋಲ್ಟೇಜಿಗೇ ತೆರೆದುಕೊಳ್ಳುವ ಸೋಡಿಯಂ ಕಿಂಡಿಗಳು ಒಂದನ್ನೊಂದು ಪ್ರಚೋದಿಸುತ್ತ ತೆರೆಯುತ್ತವೆ, ಸೋಡಿಯಂ ಒಳನುಗ್ಗುತ್ತದೆ, ಒಳಮೈ ಧನ 30 ಮಿಲಿವೋಲ್ಟ್‌ವರೆಗೆ ಹಾರುತ್ತದೆ. ಮರುಕ್ಷಣವೇ ಸೋಡಿಯಂ ಕಿಂಡಿಗಳಿಗೆ ತಡೆ ಬಿದ್ದು, ಪೊಟ್ಯಾಸಿಯಂ ಕಿಂಡಿಗಳು ತೆರೆದು, ವೋಲ್ಟೇಜು ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಇಷ್ಟೆಲ್ಲ ಮುಗಿಯಲು ಹಿಡಿಯುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಒಂದೆಡೆ ಹಾರಿದ ವೋಲ್ಟೇಜು ಪಕ್ಕದ ಜಾಗವನ್ನೂ ಗೆರೆ ದಾಟಿಸುತ್ತದೆ, ಅಲ್ಲಿ ಇದೇ ಮೊದಲಿನಿಂದ ನಡೆಯುತ್ತದೆ. ಹಿಂದಿನ ಕಿಂಡಿಗಳು ಆ ಹೊತ್ತಿಗೆ ತೆರೆಯಲಾರದ ಸ್ಥಿತಿಯಲ್ಲಿರುವುದರಿಂದ ಸಂಕೇತ ಹಿಂದಕ್ಕೆ ಹೊರಳದು. ತಂತಿಯಲ್ಲಿ ಒಮ್ಮೆ ಹೊರಟದ್ದು ಓಡುತ್ತದೆ, ನರದಲ್ಲಿ ಪ್ರತಿ ಹೆಜ್ಜೆಗೂ ಹೊಸದಾಗಿ ಹುಟ್ಟಬೇಕು. ನಿಧಾನಕ್ಕೆ ಕಾರಣ ಇದೇ. ಕಾಲಿನಿಂದ ಬಂದ ಸಂಕೇತ ದಾರಿಯಲ್ಲಿ ಸೊರಗದಿರುವುದಕ್ಕೂ ಇದೇ.

ಪ್ರತಿ ಸಂಕೇತದ ಬಳಿಕ ಪಂಪು ಬಂದು ವೋಲ್ಟೇಜನ್ನು ಸರಿಪಡಿಸುತ್ತದೆ ಎಂದು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುವುದುಂಟು. ಅದು ತಪ್ಪು. ಒಂದು ಸಂಕೇತಕ್ಕೆ ದಾಟುವ ಅಯಾನುಗಳು ಎಷ್ಟು ಕಡಿಮೆಯೆಂದರೆ ದಪ್ಪ ನರತಂತುವಿನ ಪಂಪನ್ನು ನಿಲ್ಲಿಸಿದರೂ ಅದು ಸಾವಿರಾರು ಸಂಕೇತಗಳನ್ನು ಕಳುಹಿಸಬಲ್ಲದು. ಪಂಪಿನದು ದೂರದ ಲೆಕ್ಕಾಚಾರ.

ಇದೆಲ್ಲ ತಿಳಿದದ್ದು ಮಲ್ಪೆ ಬಂದರಿನಲ್ಲೂ ಮಂಗಳೂರಿನ ಧಕ್ಕೆಯಲ್ಲೂ ಬುಟ್ಟಿಗಟ್ಟಲೆ ಬಂದು ಬೀಳುವ ಬೊಂಡಾಸಿನ, ಅಂದರೆ ಸ್ಕ್ವಿಡ್‌ನ, ಬಳಗದಿಂದ. ಮುಂದಿನ ಸಲ ಬೊಂಡಾಸ್ ತಂದಾಗ ವೃತ್ತಾಕಾರದಲ್ಲಿ ತುಂಡು ಮಾಡುವ ಮೊದಲು ಚೀಲದಂಥ ಮೈಯನ್ನು ಉದ್ದಕ್ಕೆ ಸೀಳಿ ಬಿಡಿಸಿ ನೋಡಿ: ಒಳಮೈಯ ಎರಡೂ ಬದಿಯಲ್ಲಿ, ಬಾಯಿಯ ಅಂಚಿನ ಹತ್ತಿರ, ನಕ್ಷತ್ರದಂಥ ಒಂದೊಂದು ಗಂಟು ಮತ್ತು ಅದರಿಂದ ಹರಡಿದ ಬಿಳಿ ನೂಲುಗಳು ಕಾಣುತ್ತವೆ. ಅಪಾಯ ಕಂಡಾಗ ಮೈಯೆಲ್ಲ ಒಮ್ಮೆಗೇ ಬಿಗಿದು ನೀರು ಚಿಮ್ಮಿಸಿ ಪಾರಾಗಲು ಬೇಕಾದ ಆ ನರತಂತುಗಳಲ್ಲಿ ಕೆಲವು ಅರ್ಧ ಮಿಲಿಮೀಟರಿಗೂ ದಪ್ಪ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 1939ರಲ್ಲಿ ಹಾಜ್ಕಿನ್ ಮತ್ತು ಹಕ್ಸ್‌ಲಿ ಅಂಥದ್ದೊಂದರ ಒಳಕ್ಕೇ ಸಲಕರಣೆ ತೂರಿಸಿ ವೋಲ್ಟೇಜು ಅಳೆದಾಗ, ಸಂಕೇತದ ಹೊತ್ತಿಗೆ ಅದು ಸೊನ್ನೆಗೆ ಬಂದು ನಿಲ್ಲದೆ ಧನಕ್ಕೆ ದಾಟಿದ್ದನ್ನು ಕಂಡು ಬೆರಗಾದರು. ಅಷ್ಟರಲ್ಲಿ ಯುದ್ಧ ಶುರುವಾಯಿತು. ಪೂರ್ತಿ ಗಣಿತದೊಡನೆ ಅವರು ವಿವರಣೆ ಕೊಟ್ಟದ್ದು 1952ರಲ್ಲಿ, ನೊಬೆಲ್ ಪಡೆದದ್ದು 1963ರಲ್ಲಿ.

ಅಷ್ಟು ದಪ್ಪವಿದ್ದೂ ಬೊಂಡಾಸಿನ ನರದ ವೇಗ ಸೆಕೆಂಡಿಗೆ 25 ಮೀಟರಿನ ಸುತ್ತಮುತ್ತ ಮಾತ್ರ. ನಮ್ಮ ಸ್ಪರ್ಶದ ತಂತುಗಳು ಅದಕ್ಕಿಂತ ಎಷ್ಟೋ ಪಟ್ಟು ಸಪೂರವಾಗಿದ್ದೂ ಅದನ್ನು ಮೀರಿಸುವುದು ಮಯಲಿನ್ ಎಂಬ ಕೊಬ್ಬಿನ ಸುತ್ತುಹೊದಿಕೆಯಿಂದ: ಹೊದಿಕೆಯ ನಡುವೆ ಅಲ್ಲಲ್ಲಿ ಬಿಟ್ಟ ಸಣ್ಣ ಬಿಡುವುಗಳಲ್ಲಿ ಮಾತ್ರ ಸಂಕೇತ ಹೊಸದಾಗಿ ಹುಟ್ಟಿದರೆ ಸಾಕಾಗುತ್ತದೆ. ಹೊದಿಕೆಯಿಲ್ಲದ ತಂತುಗಳೂ ನಮ್ಮಲ್ಲಿವೆ. ಹೊಸ್ತಿಲಿಗೆ ಕಾಲ್ಬೆರಳು ಎಡವಿದಾಗ ಮೊದಲು ಚುರುಕ್ಕೆಂದು, ಒಂದು ಕ್ಷಣ ಬಿಟ್ಟು ಉರಿನೋವು ಬರುವುದು ಆ ಎರಡನೆಯ ಸುದ್ದಿ ಸೆಕೆಂಡಿಗೆ ಒಂದೋ ಎರಡೋ ಮೀಟರ್ ವೇಗದಲ್ಲಿ ನಡೆದು ಬರುವುದರಿಂದ.

ಕೋಶದಿಂದ ಕೋಶಕ್ಕೆ

ನರದ ತುದಿಗೆ ಬಂದ ಸಂಕೇತ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಮುಂದಿನ ಕೋಶಕ್ಕೂ ಅದಕ್ಕೂ ನಡುವೆ, ಸಿನಾಪ್ಸ್ ಎಂಬ ಜಾಗದಲ್ಲಿ, 20ರಿಂದ 40 ನ್ಯಾನೋಮೀಟರಿನ ಸಂದು ಇದೆ. ತುದಿಯಲ್ಲಿ ವೋಲ್ಟೇಜು ಏರಿದಾಗ ಕ್ಯಾಲ್ಸಿಯಂ ಒಳಬಂದು, ರಾಸಾಯನಿಕ ತುಂಬಿದ ಸಣ್ಣ ಗುಳ್ಳೆಗಳು ಒಡೆದು ಸಂದಿಗೆ ಸುರಿಯುತ್ತವೆ. ಆ ರಾಸಾಯನಿಕ ಆಚೆಯ ಪೊರೆಯ ಗ್ರಾಹಕಗಳಿಗೆ ಅಂಟಿ ಅಲ್ಲಿನ ಕಿಂಡಿ ತೆರೆಸುತ್ತದೆ. ಅಂಗಳದ ಆಟದಲ್ಲಿ ಒಬ್ಬರ ಕೈ ಇನ್ನೊಬ್ಬರ ಹರಡನ್ನು ಅದುಮುವುದೂ ಹೀಗೆಯೇ, ಸಂಕೇತ ರೂಪ ಬದಲಿಸಿ ದಾಟುವ ಜಾಗ. ಒಟ್ಟೊ ಲೇವಿ 1921ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸರಳ ಸಾಕ್ಷಿ: ನರ ಪ್ರಚೋದಿಸಿ ಬಡಿತ ತಗ್ಗಿಸಿದ ಕಪ್ಪೆಯ ಹೃದಯದ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದೂ ನಿಧಾನಿಸಿತು. ಆ ದ್ರವದಲ್ಲಿದ್ದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವೇ ನಮ್ಮ ಕೈಕಾಲಿನ ಸ್ನಾಯುಗಳಿಗೂ ನರದ ಸುದ್ದಿ ತಲುಪಿಸುತ್ತದೆ. ನಾಗರಹಾವಿನ ವಿಷ ಹೋಗಿ ಕೂರುವುದು ಸ್ನಾಯುವಿನ ಮೇಲಿರುವ ಅದರ ಗ್ರಾಹಕದಲ್ಲಿ; ಕಚ್ಚಿಸಿಕೊಂಡವರ ರೆಪ್ಪೆ ಜೋಲುವುದು, ಆಮೇಲೆ ಉಸಿರಾಟ ಸೋಲುವುದು ಅದರಿಂದ. ನರ ಸಂಕೇತ ಕಳುಹಿಸುತ್ತಲೇ ಇರುತ್ತದೆ, ಪಡೆಯುವ ಬಾಗಿಲು ಮಾತ್ರ ಮುಚ್ಚಿರುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ, ಇದು ಅಳತೆಗೆ ಸಂಬಂಧಿಸಿದ್ದು. ತಣ್ಣಗಾದ ನರದಲ್ಲಿ ಕಿಂಡಿಗಳು ನಿಧಾನವಾಗಿ ತೆರೆದು ಮುಚ್ಚುವುದರಿಂದ ವೇಗ ಇಳಿಯುತ್ತದೆ. ಆಸ್ಪತ್ರೆಯಲ್ಲಿ ನರದ ವೇಗ ಪರೀಕ್ಷಿಸುವವರು ರೋಗಿಯ ಕೈ ತಣ್ಣಗಿದ್ದರೆ ಬೆಚ್ಚಗೆ ಮಾಡಿಯೇ ಮುಂದುವರಿಯುವುದು ಇದಕ್ಕಾಗಿ. ಆದ್ದರಿಂದ ಮಕ್ಕಳು ತೋಡಿನಲ್ಲಿ ಆಡಿ ಬಂದ ಕೂಡಲೇ ಅವರನ್ನು ಸುತ್ತಿಗೆ ಕೂರಿಸಬೇಡಿ, ಕಾಲು ಒರೆಸಿಕೊಂಡು ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಕುಳಿತಿರಲಿ.