ನಾನು ಮುಸ್ಲಿಂ, ಕೊಳ್ಳಿನೂ ಇಟ್ಟಿದೀನಿ, ಮಣ್ಣೂ ಕೊಟ್ಟಿದೀನಿ: ನನ್ನ ಅನುಭವ

ಮನೆಯೋರು ಬರಕ್ಕಾಗದ ಶವಗಳ ಅಂತ್ಯಕ್ರಿಯೆ ಮಾಡೋ ಈ ಕೆಲಸಕ್ಕೆ ಇಳಿದಾಗಿಂದ ಎರಡೂ ಕಡೆಯಿಂದ ಪ್ರಶ್ನೆ ಬರುತ್ತೆ. ನಮ್ಮೋರು ಕೇಳ್ತಾರೆ, ಏನ್ ಭಾಯ್, ಹಿಂದೂ ಹೆಣಕ್ಕೆ ಕೊಳ್ಳಿ ಇಡ್ತೀಯಂತೆ, ನಮ್ಮ ದೀನಲ್ಲಿ ಇದು ನಡಿಯುತ್ತಾ? ಆ ಕಡೆಯೋರು ಕೇಳ್ತಾರೆ, ಸಾಬರ ಕೈಯಿಂದ ಬೆಂಕಿ ಬಿದ್ರೆ ಸತ್ತೋರಿಗೆ ಸದ್ಗತಿ ಆಗುತ್ತಾ? ಯಾರೂ ಕೆಟ್ಟ ಮನಸ್ಸಿಂದ ಕೇಳಲ್ಲ, ಕೇಳಲೇಬೇಕಾದ ಪ್ರಶ್ನೆಗಳೇ ಇವು, ಅದಕ್ಕೇ ನಾನು ಏನು ಮಾಡ್ತೀನಿ, ಏನು ಮಾಡಲ್ಲ, ಯಾಕೆ ಅಂತ ಬರೀತಿದೀನಿ.

ಶುರುವಾಗಿದ್ದು 2021ರ ಏಪ್ರಿಲ್-ಮೇ, ಕೋವಿಡ್ ಎರಡನೇ ಅಲೆ, ಬೆಂಗಳೂರು. ಸುಮನಹಳ್ಳಿ, ಮೇಡಿ ಅಗ್ರಹಾರ, ಪಣತ್ತೂರು ಚಿತಾಗಾರಗಳ ಮುಂದೆ ಆಂಬುಲೆನ್ಸ್ ಕ್ಯೂ, ಜಾಗ ಸಾಲದೆ ತಾವರೆಕೆರೆ, ಗಿಡ್ಡೇನಹಳ್ಳಿ ಕಡೆ ಬಯಲಲ್ಲೇ ಚಿತೆ ಹಚ್ತಿದ್ರು. ಮನೆಲಿ ಒಬ್ರು ಹೋದ್ರೆ ಉಳಿದೋರೆಲ್ಲ ಪಾಸಿಟಿವ್, ಹೊರಗೆ ಕಾಲಿಡೋ ಹಾಗಿಲ್ಲ. ಫ್ರೆಂಡ್ಸ್ ಸೇರ್ಕೊಂಡು ಆಂಬುಲೆನ್ಸ್ ಓಡಿಸ್ತಿದ್ದರು, ನಾನೂ ಸೇರ್ಕೊಂಡೆ. ಬರೀ ಸಾಗಿಸೋ ಕೆಲಸ ಅಂದ್ಕೊಂಡಿದ್ದೆ, ಆದ್ರೆ ಸುಡುಗಾಡಿಗೆ ಹೋದ್ಮೇಲೆ ಹೆಣದ ಜೊತೆ ಇರೋದು ನಾವೇ, ಬೇರೆ ಯಾರೂ ಇಲ್ಲ.

ಮೊದಲು ನನ್ನ ಧರ್ಮದ ವಿಷಯ ಹೇಳ್ಬಿಡ್ತೀನಿ. ನಮ್ಮ ಮಸೀದಿ ಮೌಲಾನಾ ಹತ್ರ ಹೋಗಿ ನೇರವಾಗಿ ಕೇಳ್ದೆ. ಅವ್ರು ಎರಡು ಮಾತು ನೆನಪಿಸಿದ್ರು. ಒಬ್ಬ ಯಹೂದಿಯ ಶವ ಹೋಗ್ತಿದ್ದಾಗ ಪ್ರವಾದಿ ಎದ್ದು ನಿಂತ್ರು, ಅದು ಯಹೂದಿದು ಅಂತ ಜೊತೆಲಿದ್ದೋರು ಅಂದಾಗ, ಅದೂ ಒಂದು ಜೀವ ಅಲ್ವಾ ಅಂದ್ರು ಅಂತ ಹದೀಸಲ್ಲಿದೆ, ಅಂದ್ರೆ ಪ್ರವಾದಿಯ ನಡೆ-ನುಡಿ ದಾಖಲಿಸಿರೋ ಗ್ರಂಥದಲ್ಲಿ. ಪ್ರವಾದಿಯ ದೊಡ್ಡಪ್ಪ ಅಬೂ ತಾಲಿಬ್ ಮುಸ್ಲಿಂ ಆಗದೇನೇ ತೀರ್ಕೊಂಡಾಗ, ಹೋಗಿ ನಿಮ್ಮಪ್ಪನನ್ನ ದಫನ್ ಮಾಡು ಅಂತ ಪ್ರವಾದಿ ಅವ್ರ ಮಗ ಅಲಿಗೆ ಹೇಳಿದ್ದೂ ಅಲ್ಲಿದೆ. ಶವ ಎತ್ತು, ತೊಳಿ, ಮುಚ್ಚು, ಮನೆಯವ್ರು ಕೇಳಿದ್ ಹಾಗೆ ಸಾಗಿಸು, ಗೌರವ ಕೊಡು, ಆದ್ರೆ ಶವದ ಮುಂದೆ ಮಾಡೋ ಜನಾಝ ನಮಾಜ್ ಮುಸಲ್ಮಾನರಿಗೆ ಮಾತ್ರ, ಬೇರೆಯವರ ಪೂಜೆನ ನಿನ್ನ ಪೂಜೆ ಅಂತ ಮಾಡ್ಬೇಡ ಅಂದ್ರು. ಕೊಳ್ಳಿ ಬಗ್ಗೆ ಅವ್ರು ಬಾಯಿ ಬಿಟ್ಟು ಹೂಂ ಅನ್ನಲಿಲ್ಲ, ಉಹೂಂ ಅಂತನೂ ಅನ್ನಲಿಲ್ಲ. ಆ ತೀರ್ಮಾನ ನಾನೇ ಮಾಡ್ಕೊಂಡೆ, ಜವಾಬ್ದಾರಿನೂ ನಂದೇ.

ನನ್ನ ಲೆಕ್ಕ ಇಷ್ಟೇ. ಸಂಸ್ಕಾರ ಸತ್ತೋರದ್ದು, ಅವ್ರ ಮನೆಯೋರದ್ದು. ಅವ್ರು ಬರಕ್ಕಾಗದೇ ಇದ್ದಾಗ ನಾನು ಹೋಗಿ ಅವ್ರು ಹೇಳಿದ್ದನ್ನ ಮಾಡ್ತೀನಿ, ಅದಕ್ಕೆ ನಾನಾಗಿ ಏನೂ ಸೇರಿಸಲ್ಲ, ಕಷ್ಟ ಅಂತ ಏನೂ ಬಿಡಲ್ಲ, ನಂಬಿಕೆ ಇರೋ ಹಾಗೆ ನಾಟಕನೂ ಆಡಲ್ಲ.

ಒಂದು ಸಲದ್ದು ಬಿಡಿಸಿ ಹೇಳ್ತೀನಿ. ವಯಸ್ಸಾದ ಯಜಮಾನ್ರು, ಮಗ ಅಮೆರಿಕಾದಲ್ಲಿ, ಹೆಂಡತಿ ಮನೆಲೇ ಐಸೋಲೇಷನ್. ಗೇಟ್ ಹತ್ರ ಆಯಮ್ಮ ದೂರದಿಂದಲೇ ಒಂದು ಸ್ಟೀಲ್ ಡಬ್ಬಿ ನೆಲದ ಮೇಲಿಟ್ಟು ಹಿಂದೆ ಸರಿದು ನಿಂತ್ರು. ಗಂಗೆ ನೀರಿನ ಸಣ್ಣ ತಾಮ್ರದ ಗಿಂಡಿ, ತುಳಸಿ, ಬಟ್ಟೇಲಿ ಗಂಟು ಕಟ್ಟಿದ ಅಕ್ಕಿ, ಕರ್ಪೂರ, ಎಲ್ಲ ಜೋಡಿಸಿಟ್ಟಿದ್ರು. ನಾನು ಮೊದಲೇ ಹೇಳ್ದೆ, ಅಮ್ಮಾ, ನಾನು ಮುಸ್ಲಿಂ, ನಿಮ್ಗೆ ಬೇಡ ಅನ್ಸಿದ್ರೆ ಹೇಳಿ, ಬೇರೆಯೋರನ್ನ ಕರ್ಕೊಂಡ್ ಬರ್ತೀನಿ. ಅವ್ರು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ, ಅವ್ರಿಗೆ ನೀರು ಹಾಕಪ್ಪ, ಬಾಯಿ ಒಣಗಿ ಹೋಗಿರುತ್ತೆ ಅಂದ್ರು.

ತಾವರೆಕೆರೆಲಿ ಮಗನಿಗೆ ವಿಡಿಯೋ ಕಾಲ್ ಮಾಡಿದ್ವಿ, ಅವರ ಪುರೋಹಿತರನ್ನೂ ಅದೇ ಕಾಲ್‌ಗೆ ಸೇರಿಸ್ಕೊಂಡ್ವಿ. ಬ್ಯಾಗಲ್ಲಿ ಮುಚ್ಚಿದ್ದ ಶವ ಮುಟ್ಟೋ ಹಾಗಿಲ್ಲ, ಆದ್ರೆ ಕೇಂದ್ರ ಆರೋಗ್ಯ ಇಲಾಖೆ 2020ರ ಮಾರ್ಚ್‌ನಲ್ಲೇ ಹೇಳಿತ್ತು, ಸಿಬ್ಬಂದಿ ಮುಖದ ಹತ್ರ ಜಿಪ್ ತೆಗೆದು ತೋರಿಸಬಹುದು, ತೀರ್ಥ ಚಿಮುಕಿಸಬಹುದು, ಗ್ರಂಥ ಓದಬಹುದು, ಶವ ಮುಟ್ಟದೆ ಮಾಡೋ ಶಾಸ್ತ್ರ ಮಾಡಬಹುದು ಅಂತ. ಇದು ಎಷ್ಟೋ ಕಡೆ ಸಿಬ್ಬಂದಿಗೇ ಗೊತ್ತಿರಲಿಲ್ಲ, ಆ ಪ್ರಿಂಟ್ ನಾನು ಜೇಬಲ್ಲೇ ಇಟ್ಕೊಂಡಿರ್ತಿದ್ದೆ. ನೀರು ಚಿಮುಕಿಸಿದೆ, ತುಳಸಿ, ಅಕ್ಕಿ ಮೇಲಿಂದ ಹಾಕ್ದೆ, ನೀರಿನ ಮಡಕೆ ಹೆಗಲ ಮೇಲಿಟ್ಕೊಂಡು ಸುತ್ತು ಬಂದೆ, ಒಂದೊಂದು ಸುತ್ತಿಗೂ ಹಿಂದಿದ್ದ ಹುಡುಗ ಮಡಕೆಗೆ ತೂತು ಹೊಡೆದ, ಕೊನೆಗೆ ಹಿಂದೆ ತಿರುಗಿ ನೋಡದೆ ಮಡಕೆ ಬಿಟ್ಟೆ. ಮಂತ್ರ ಪುರೋಹಿತರು ಹೇಳಿದ್ರು, ಗೋವಿಂದ ಅಂತ ಮಗ ಅಂದ, ನಾನು ಬಾಯಿ ಮುಚ್ಕೊಂಡಿದ್ದೆ. ಅಣ್ಣಾ, ನನ್ನ ಹೆಸರಲ್ಲಿ ಇಡಿ ಅಂತ ಮಗ ಅಂದ್ಮೇಲೇ ಬೆಂಕಿ ಇಟ್ಟಿದ್ದು. ಉಳಿದ ಕರ್ಮ ನೀನು ಬಂದ್ಮೇಲೆ ಮಾಡುವಿಯಂತೆ ಅಂತ ಪುರೋಹಿತರು ಅವನಿಗೆ ಸಮಾಧಾನ ಹೇಳಿದ್ರು.

ಕೇಳದೆ ಏನೂ ಮಾಡಬಾರದು ಅಂತ ನಾನು ಹಠ ಹಿಡಿಯೋಕೆ ಇನ್ನೊಂದು ಕಾರಣ ಇದೆ. ಒಂದು ಆಸ್ಪತ್ರೆಯ ಪಟ್ಟಿಲಿ ತೀರ್ಕೊಂಡ ಒಬ್ಬ ಅಜ್ಜಿ ಹೆಸರಿನ ಮುಂದೆ ಹಿಂದೂ ಅಂತ ಬರೆದು ನೇರವಾಗಿ ಚಿತಾಗಾರಕ್ಕೆ ಟೋಕನ್ ಹಾಕಿದ್ರು, ನಾನು ಅಜ್ಜಿಯ ಮಗಳಿಗೆ ಫೋನ್ ಮಾಡ್ದೆ, ಅವ್ರು ಲಿಂಗಾಯತರು, ಸುಡೋದು ಬೇಡವೇ ಬೇಡ ಅಂತ ಅತ್ರು. ಅವ್ರಲ್ಲಿ ಹೂಳೋದು, ಕೂರಿಸಿ, ಇಷ್ಟಲಿಂಗ ಎಡಗೈಲಿಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿ. ಹಿಂದೂ ಅಂದ್ರೆ ಸುಡೋದು ಅಂತ ಬೆಂಗಳೂರಲ್ಲಿ ಎಷ್ಟೋ ಜನ ತಿಳ್ಕೊಂಡಿದ್ದಾರೆ, ನಮ್ಮ ರಾಜ್ಯದಲ್ಲಿ ಹೂಳೋ ಸಮುದಾಯಗಳು ಎಷ್ಟಿಲ್ಲ! ಆ ಏಪ್ರಿಲ್‌ನಲ್ಲಿ ಸ್ವಂತ ಜಮೀನಲ್ಲಿ ಅಂತ್ಯಕ್ರಿಯೆ ಮಾಡೋಕೆ ಸರ್ಕಾರ ಪರ್ಮಿಷನ್ ಕೊಟ್ಟಿತ್ತು, ಮಾಗಡಿ ಕಡೆ ಅವ್ರ ತೋಟಕ್ಕೇ ಹೋದ್ವಿ. ಬ್ಯಾಗಲ್ಲಿದ್ದಿದ್ದರಿಂದ ಕೂರಿಸೋಕಾಗಲಿಲ್ಲ, ಊರಿನ ಜಂಗಮರು ದೂರ ನಿಂತು ಹೇಳ್ತಾ ಹೋದ್ರು, ನಾವು ವಿಭೂತಿ, ಪತ್ರೆ ಹಾಕಿ ಮಣ್ಣು ಮುಚ್ಚಿದ್ವಿ.

ಮನೆಯವರನ್ನ ಕೇಳದೆ ಮಾಡಿದ ಕ್ರಿಯೆ ಎಷ್ಟು ಘೋರ ಅನ್ನೋದಕ್ಕೆ ಶ್ರೀಲಂಕಾ ನೋಡಿ. 2020ರಲ್ಲಿ ಕೋವಿಡ್‌ನಿಂದ ಸತ್ತವರನ್ನೆಲ್ಲ ಸುಡಲೇಬೇಕು ಅಂತ ಅಲ್ಲಿ ಕಾನೂನು ಮಾಡಿದ್ರು, ಹೂಳಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ರೂ ಕೇಳಲಿಲ್ಲ. 20 ದಿನದ ಮುಸ್ಲಿಂ ಕೂಸನ್ನೂ ಅಪ್ಪ ಅಮ್ಮ ಬೇಡ ಅಂದ್ರೂ ಸುಟ್ಟರು. 2021ರ ಫೆಬ್ರವರಿಲಿ ಆ ನಿಯಮ ತೆಗೆದ್ರು, 2024ರಲ್ಲಿ ಸರ್ಕಾರ ಕ್ಷಮೆ ಕೇಳ್ತು. ಅದನ್ನ ಓದಿದಾಗ ನನ್ನ ಮೈ ಉರಿದಿತ್ತು. ಹಾಗಿದ್ಮೇಲೆ ಲಿಂಗಾಯತ ಅಜ್ಜಿನ ಕೇಳದೆ ಚಿತೆಗೆ ಹಾಕೋಕೆ ನನಗೆ ಯಾವ ಹಕ್ಕಿದೆ?

ಇದೇ ಕೆಲಸ ಆ ಕಡೆಯಿಂದನೂ ನಡೀತು. ನಮ್ಮ ಟೀಮಲ್ಲಿದ್ದ ಹಿಂದೂ ಹುಡುಗ ಖಬರಸ್ತಾನ್‌ನಲ್ಲಿ ಗುಣಿ ತೋಡಿದ, ಶವ ಇಳಿಸಿದ, ಎಲ್ಲರ ಜೊತೆ ಮೂರು ಹಿಡಿ ಮಣ್ಣು ಕೊಟ್ಟ. ನಮಾಜ್ ಹೊತ್ತಿಗೆ ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಂತ್ಕೊಂಡ, ಸಾಲಿಗೆ ಬರಲಿಲ್ಲ, ನಾವೂ ಕರೀಲಿಲ್ಲ, ಅದು ಸರಿನೇ.

ಕೋವಿಡ್ ಮುಗಿದ್ಮೇಲೆ ಈಗ ಪೊಲೀಸರ ಜೊತೆ ಅನಾಥ ಶವಗಳ ಕೆಲಸ. ಇಲ್ಲಿ ಕೇಳೋಕೆ ಮನೆಯವ್ರೇ ಇಲ್ಲ. ಉಡಿದಾರ, ಕರಿಮಣಿ, ಶಿಲುಬೆ, ಕೈ ಮೇಲಿನ ಹಚ್ಚೆ, ಇಂಥದ್ದೇನಾದ್ರೂ ಸಿಕ್ರೆ ಆ ಪ್ರಕಾರ ಆ ಧರ್ಮದೋರನ್ನೇ ಹುಡುಕಿ ಕರೀತೀನಿ. ಅಯೋಧ್ಯೆಯ ಮೊಹಮ್ಮದ್ ಶರೀಫ್, ಸೈಕಲ್ ರಿಪೇರಿ ಮಾಡೋರು, ಮಗನ ಕೊಲೆ ಆದ್ಮೇಲೆ ಸಾವಿರಾರು ಅನಾಥ ಶವಗಳಿಗೆ ಅವರವರ ಧರ್ಮದ ಪ್ರಕಾರನೇ ಮಾಡಿಸ್ಕೊಂಡು ಬಂದ್ರು, 2020ರಲ್ಲಿ ಪದ್ಮಶ್ರೀ ಬಂತು, ನಾನು ದೊಡ್ಡೋರು ಅಂತ ನೋಡೋದು ಅವರನ್ನೇ. ಏನೂ ಗುರುತು ಸಿಗಲಿಲ್ಲ ಅಂದ್ರೆ ಹೂಳೋದೇ ವಾಸಿ, ನಾಳೆ ಮನೆಯವ್ರು ಹುಡುಕ್ಕೊಂಡು ಬಂದ್ರೆ ತೆಗೆದು ಕೊಡಬಹುದು, ಸುಟ್ಟರೆ ಮುಗೀತು. ಆಗ ನಾನು ನಮಾಜೂ ಮಾಡಲ್ಲ, ಪೂಜೆನೂ ಮಾಡಿಸಲ್ಲ. ಮೈ ಒರೆಸಿ, ಹೊಸ ಬಿಳಿ ಬಟ್ಟೆ ಹೊದಿಸಿ, ಒಂದು ಮೊಳ ಹೂವು ಇಟ್ಟು, ಜಾಗದ ನಂಬರ್ ಸರಿಯಾಗಿ ಬರೆಸ್ತೀನಿ. ಗೊತ್ತಿಲ್ಲದ ಮನುಷ್ಯನ ಮೇಲೆ ನನ್ನ ಧರ್ಮ ಹೇರೋದು ಅವನು ಸತ್ತ ಮೇಲೂ ತಪ್ಪೇ.

ಫೋಟೋ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಮುಸ್ಲಿಂ ಯುವಕರಿಂದ ಹಿಂದೂ ಅಂತ್ಯಕ್ರಿಯೆ ಅಂತ ವಿಡಿಯೋ ಹಾಕೋಣ, ಸೌಹಾರ್ದ ಬೆಳೆಯುತ್ತೆ ಅಂತ ಒಳ್ಳೆ ಮನಸ್ಸಿಂದಲೇ ಬರ್ತಾರೆ. ಆದ್ರೆ ಅಲ್ಲಿ ಮಲಗಿರೋರು ಯಾರದೋ ಅಪ್ಪ. ಮಗ ಹೂಂ ಅನ್ನಬೇಕು, ಅದೂ ಅವತ್ತಲ್ಲ, ದುಃಖ ಸ್ವಲ್ಪ ಇಳಿದ ಮೇಲೆ.

ಇನ್ನು ನಾನು ಬೇಡ ಅಂದಿದ್ದು. ಸ್ಟೀಲ್ ಡಬ್ಬಿ ಕೊಟ್ಟ ಆಯಮ್ಮನೇ ಫೋನ್ ಮಾಡಿ, ಹನ್ನೊಂದನೇ ದಿನಕ್ಕೆ ಮಗ ಬರಕ್ಕಾಗಲ್ಲ, ಪಿಂಡನೂ ನೀನೇ ಇಡಪ್ಪ, ಬೆಂಕಿ ಕೊಟ್ಟ ಕೈ ಅಲ್ವಾ ಅಂದ್ರು. ಇಲ್ಲಮ್ಮ, ಬೆಂಕಿ ಹೊತ್ತಲ್ಲಿ ಬೇರೆ ದಾರಿ ಇರಲಿಲ್ಲ, ಪಿಂಡ ಅಂದ್ರೆ ಅವರನ್ನ ಪಿತೃ ಅಂತ ಕರೆದು ಬೇಡ್ಕೊಳ್ಳೋದು, ನಂಬಿಕೆ ಇಲ್ಲದ ನಾನು ಮಾಡಿದ್ರೆ ಅವ್ರಿಗೆ ಮೋಸ ಮಾಡ್ದಂಗೆ ಅಂದೆ. ಮೈಸೂರಲ್ಲಿದ್ದ ಅವ್ರ ಅಣ್ಣನ ಮಗನ ನಂಬರ್ ಇಸ್ಕೊಂಡು ಮಾತಾಡ್ದೆ, ಓಡಾಡೋಕೆ ಲಾಕ್‌ಡೌನ್ ಪಾಸ್ ಮಾಡಿಸ್ಕೊಟ್ಟೆ, ಅವ್ರು ಬಂದು ಮಾಡಿದ್ರು, ಸಾಮಾನು ತಂದ್ಕೊಟ್ಟಿದ್ದು ಮಾತ್ರ ನಾನು.

ನಿಮ್ಮೂರಲ್ಲಿ ಯಾರಾದ್ರೂ ಈ ಕೆಲಸಕ್ಕೆ ಇಳಿಯೋದಾದ್ರೆ ಗ್ಲೌಸ್, ಸ್ಟ್ರೆಚರ್‌ಗಿಂತ ಮುಂಚೆ ಒಬ್ರು ಪುರೋಹಿತರು, ಒಬ್ರು ಜಂಗಮರು, ಒಬ್ರು ಪಾಸ್ಟರ್, ಒಬ್ರು ಮೌಲಾನಾ, ಇವ್ರ ನಂಬರ್ ಸೇವ್ ಮಾಡ್ಕೊಳ್ಳಿ. ಮಧ್ಯರಾತ್ರಿಲೂ ಫೋನ್ ಎತ್ತೋರೇ ಆಗಿರಬೇಕು.